46ಕ್ಕೇ ಮುಖ ಇಳಿದುಹೋಗಿದೆ ಅಂತಾರೆ: ಕ್ರೀಮು, ಪುಡಿ ಬಿಟ್ಟು ನಿಜವಾಗಿ ಕೆಲಸ ಮಾಡೋದು ಯಾವುದು?

ಮಲ್ಲಿಗೆಮೊಗ್ಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 46. ಈಚೆಗೆ ಯಾವ ಮದುವೆಮನೆಗೆ ಹೋದರೂ ಸಿಕ್ಕವರದೆಲ್ಲ ಒಂದೇ ರಾಗ, "ಯಾಕೆ ಇಷ್ಟು ಇಳಿದುಹೋಗಿದ್ದೀಯಾ, ಹುಷಾರಿಲ್ವಾ" ಅಂತ. ಹುಷಾರಾಗೇ ಇದ್ದೀನಿ ಕಣ್ರೀ. ಆದರೆ ಕನ್ನಡಿ ನೋಡಿಕೊಂಡರೆ ಅವರು ಹೇಳುವುದರಲ್ಲೂ ಸುಳ್ಳಿಲ್ಲ. ಎರಡೂ ಕೆನ್ನೆ ಮೇಲೆ ಬಂಗು ಎದ್ದಿದೆ, ಕಣ್ಣಿನ ಸುತ್ತ ಕಪ್ಪು, ಬಾಯಿ ಪಕ್ಕದ ಗೆರೆ ಆಳವಾಗಿದೆ. ಅದಕ್ಕಿಂತ ಬೇಜಾರು ಅಂದರೆ ಪೂಜೆಗೆ ನೆಲದ ಮೇಲೆ ಕೂತರೆ ಏಳುವಾಗ ಕೈ ಊರಲೇಬೇಕು, "ಅಪ್ಪಾ ಶಿವನೇ" ಅನ್ನಲೇಬೇಕು.

ನನ್ನ ದಿನಚರಿ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕೇಳುತ್ತೀರಿ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ತಿಂಡಿಗೆ ಅವಲಕ್ಕಿಯೋ ಉಪ್ಪಿಟ್ಟೋ. ಸ್ಕೂಟಿಯಲ್ಲಿ ಶಾಲೆಗೆ, ಅಲ್ಲಿ ಪ್ರಾರ್ಥನೆ ಮುಗಿಯುವ ತನಕ ಬಿಸಿಲಲ್ಲಿ ನಿಲ್ಲುವುದು. ಮಧ್ಯಾಹ್ನ ಅನ್ನ ಸಾರು. ಸಂಜೆ ಸ್ಟಾಫ್ ರೂಮಿಗೆ ಯಾರಾದರೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರೆ ಬೇಡ ಅನ್ನುವ ಜೀವ ನನ್ನದಲ್ಲ. ರಾತ್ರಿ ಎರಡು ಜೋಳದ ರೊಟ್ಟಿ, ಪಲ್ಯ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಪೇಪರ್ ತಿದ್ದಿ, ಫೋನು ನೋಡಿ ಮಲಗುವಾಗ ಹನ್ನೆರಡು. ತೂಕ 62 ಕೆಜಿ. ವಾಕಿಂಗ್ ಅಂದರೆ ರಜೆ ದಿನ ಒಂದಿಷ್ಟು. ಮುಟ್ಟು ಈಗೀಗ ಹಿಂದೆಮುಂದೆ ಆಗುತ್ತಿದೆ.

ಪರಿಚಯದವರೊಬ್ಬರು ಒಂದು ಪ್ಯಾಕೇಜ್ ಹಿಡಿದುಕೊಂಡು ಬಂದು ಕೂತಿದ್ದಾರೆ. ಕೊಲಾಜೆನ್ ಪುಡಿ, ಬಯೋಟಿನ್ ಮಾತ್ರೆ, ಒಂದು ಸೀರಮ್. ಮೂರು ತಿಂಗಳಿಗೆ 12 ಸಾವಿರ. "ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರ ಮೇಡಂ" ಅಂತಾರೆ. ಇನ್ನೊಂದು ಕಡೆ ನಮ್ಮ ಶಾಲೆಯಲ್ಲೇ ಒಬ್ಬರು ಮೆಡಿಕಲ್ ಸ್ಟೋರಿಂದ 100 ರೂಪಾಯಿ ಒಳಗಿನ ಒಂದು ಟ್ಯೂಬ್ ತಂದು ಹಚ್ಚಿ ಮುಖ ಫಳಫಳ ಮಾಡಿಕೊಂಡಿದ್ದಾರೆ. ಇದರಲ್ಲಿ ಯಾವುದು ನಿಜ, ಯಾವುದು ಬೂಟಾಟಿಕೆ? ದಯವಿಟ್ಟು "ಮನಸ್ಸು ಚೆನ್ನಾಗಿದ್ದರೆ ಮುಖ ಚೆನ್ನಾಗಿರುತ್ತೆ", "ವಯಸ್ಸನ್ನು ಒಪ್ಪಿಕೊಳ್ಳಿ" ಅಂತ ಬರೆಯಬೇಡಿ. ಚೆನ್ನಾಗಿ ಕಾಣಬೇಕು ಅಂತ ಆಸೆ ಇದೆ, ಅದರಲ್ಲಿ ತಪ್ಪೇನಿದೆ ಅಲ್ವಾ?

ಎಳನೀರು:

ದಿನಾ ಒಂದು ಎಳನೀರು ಕುಡಿಯಿರಿ, ಟೆನ್ಶನ್ ಬಿಡಿ ಮೇಡಂ. ಅಷ್ಟೇ.

ಮಲ್ಲಿಗೆಮೊಗ್ಗು:

ಎಳನೀರು ಅಂಗಡಿ ಗೊತ್ತು ಸರ್. ಟೆನ್ಶನ್ ಎಲ್ಲಿ ಬಿಡಬೇಕು ಅದೊಂದು ವಿಳಾಸ ಕೊಡಿ. ಮಗಳು ಪಿಯುಸಿ.

ಮಾತ್ರೆಅಂಗಡಿ:

ಅಕ್ಕ, ನಾನು ಮೆಡಿಕಲ್ ಸ್ಟೋರ್ ನಡೆಸುವವಳು. ಮೊದಲು ಆ 100 ರೂಪಾಯಿ ಟ್ಯೂಬ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಆ ಪ್ಯಾಕೇಜಿನಿಂದ ಹೋಗುವುದು ದುಡ್ಡು ಮಾತ್ರ, ಈ ಟ್ಯೂಬಿನಿಂದ ಮುಖವೇ ಹೋಗುತ್ತದೆ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಸಾಮಾನ್ಯವಾಗಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅನ್ನುವ ಕಲೆ ತಿಳಿ ಮಾಡುವ ಔಷಧಿಗಳ ಜೊತೆ ಸೇರಿಸಿ ಬರುತ್ತದೆ. ಬಂಗಿಗೆ ಚರ್ಮದ ಡಾಕ್ಟರೇ ಇದನ್ನು ಬರೆಯುತ್ತಾರೆ, ಸುಳ್ಳಲ್ಲ, ಆದರೆ ಕೆಲವು ವಾರಕ್ಕೆ, ಅವರ ಕಣ್ಣಳತೆಯಲ್ಲಿ. ನಮ್ಮ ಜನ ಅದನ್ನು ಸ್ನೋ, ಪೌಡರ್ ಲೆಕ್ಕದಲ್ಲಿ ವರ್ಷಗಟ್ಟಲೆ ಹಚ್ಚುತ್ತಾರೆ. ಶುರುವಿನಲ್ಲಿ ಮುಖ ಬೆಳ್ಳಗಾಗುತ್ತದೆ, ನುಣ್ಣಗಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆನ್ನೆ ಮೇಲೆ ಕೆಂಪು ನರ ಎದ್ದು ಕಾಣುತ್ತದೆ, ಮೊಡವೆ ಬರುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಇನ್ನೂ ಜಾಸ್ತಿ ಉರಿ, ಆದ್ದರಿಂದ ಮತ್ತೆ ಅದೇ ಟ್ಯೂಬ್ ಕೇಳಿಕೊಂಡು ಬರುತ್ತಾರೆ. 2018ರಲ್ಲಿ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಅಡಿ ತಂದಿತು, ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾನು ಕೊಡಲ್ಲ ಅಂದರೆ "ಪಕ್ಕದ ಅಂಗಡಿಯವರು ಕೊಡ್ತಾರೆ ಬಿಡಿ" ಅಂತ ಎದ್ದು ಹೋಗುತ್ತಾರೆ. ನಿಮ್ಮ ಗೆಳತಿಗೆ ಹೇಳಿ, ಬಹಳ ದಿನದಿಂದ ಹಚ್ಚುತ್ತಿದ್ದರೆ ದಿಢೀರ್ ನಿಲ್ಲಿಸುವುದು ಬೇಡ, ಚರ್ಮದ ಡಾಕ್ಟರ್ ಹತ್ತಿರ ಹೋಗಿ ಅವರು ಹೇಳಿದ ಹಾಗೆ ಬಿಡಲಿ.

ಲೇಬಲ್ಲೇ ಇಲ್ಲದ, ಯಾರೋ ಆನ್‌ಲೈನಲ್ಲಿ ತರಿಸಿಕೊಟ್ಟ ಬಿಳುಪಿನ ಕ್ರೀಮನ್ನಂತೂ ಮುಟ್ಟಲೇಬೇಡಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದು ಆಸ್ಪತ್ರೆ ಸೇರಿದ್ದರು. ಒಳಗಿದ್ದದ್ದು ಪಾದರಸ.

ಇನ್ನು ಕೊಲಾಜೆನ್ ಪುಡಿ. ಕೊಲಾಜೆನ್ ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೊಟೀನ್. ನೀವು ಸಸ್ಯಾಹಾರಿ ಅಂದಿರಲ್ಲ, ಆ ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿದಿರಾ? ಕೊಲಾಜೆನ್ ಬರುವುದು ಮೀನಿನ ಚರ್ಮ, ಚಿಪ್ಪುಗಳಿಂದ ಅಥವಾ ದನ, ಹಂದಿಯ ಚರ್ಮ ಮೂಳೆಗಳಿಂದ. ಗಿಡದಲ್ಲಿ ಕೊಲಾಜೆನ್ ಇರುವುದೇ ಇಲ್ಲ. "ವೆಜ್ ಕೊಲಾಜೆನ್" ಅಂತ ಮಾರುವುದು ವಿಟಮಿನ್ ಸಿ, ಅಮೈನೋ ಆಮ್ಲಗಳ ಮಿಶ್ರಣ. ಸರಿ, ಅಸಲಿಯನ್ನೇ ಕುಡಿದರೂ ಹೊಟ್ಟೆ ಅದನ್ನು ಬೇರೆ ಪ್ರೊಟೀನಿನಂತೆಯೇ ಚೂರು ಚೂರು ಮಾಡುತ್ತದೆ, ಆ ಚೂರು ನೆಟ್ಟಗೆ ಕೆನ್ನೆಗೇ ಹೋಗಬೇಕು ಅಂತ ಕಾನೂನಿಲ್ಲ. ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಲಾಭ ಕಂಡಿದೆ, ಆದರೆ ಅವುಗಳಲ್ಲಿ ಮಾರುವ ಕಂಪನಿಗಳ ದುಡ್ಡಿನಲ್ಲೇ ನಡೆದವು ಬಹಳ.

ಬಯೋಟಿನ್ ಅಂದರೆ ಬಿ ಗುಂಪಿನ ಒಂದು ವಿಟಮಿನ್, ಅದರ ಬಗ್ಗೆ ಒಂದು ಮಾತು, ಇದು ಯಾರೂ ಹೇಳುವುದಿಲ್ಲ. ದೊಡ್ಡ ಡೋಸ್ ಬಯೋಟಿನ್ ತಗೊಂಡರೆ ಥೈರಾಯ್ಡ್ ರಕ್ತಪರೀಕ್ಷೆಯೇ ತಪ್ಪು ಬರಬಹುದು, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೂದಲು ಉದುರುತ್ತೆ ಅಂತ ಬಯೋಟಿನ್ ನುಂಗುವುದು, ಅದೇ ಕೂದಲಿಗೆ ಕಾರಣ ಹುಡುಕಲು ಥೈರಾಯ್ಡ್ ಟೆಸ್ಟ್ ಮಾಡಿಸುವುದು, ಆ ಟೆಸ್ಟ್ ಕೆಡುವುದು! ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಎರಡು ಮೂರು ದಿನ ಮುಂಚೆಯೇ ನಿಲ್ಲಿಸಿ ರಕ್ತ ಕೊಡಿ.

12 ಸಾವಿರದಲ್ಲಿ ಮೊದಲು ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12, ಶುಗರ್ ಮಾಡಿಸಿ. ಮುಟ್ಟು ಏರುಪೇರಾಗಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಮುಖ ಬಾಡುವುದು ಸಹಜ, ಅದಕ್ಕೆ ಯಾವ ಸೀರಮ್ಮೂ ಮದ್ದಲ್ಲ. ಮೊಟ್ಟೆ ಮಾಂಸ ತಿನ್ನದವರಲ್ಲಿ ಬಿ12 ಕಡಿಮೆ ಇರುವುದು ನಮ್ಮಲ್ಲಿ ಬಹಳ ಮಾಮೂಲು. ಮಿಕ್ಕ ದುಡ್ಡಲ್ಲಿ ಮಗಳಿಗೆ ಡ್ರೆಸ್ ಕೊಡಿಸಿ.

ಬ್ರಿಸ್ಬೇನ್‌ಕನ್ನಡಿಗ:

ಮಾತ್ರೆಅಂಗಡಿ ಅವರು ಹೇಳಿದ್ದಕ್ಕೆಲ್ಲ ನನ್ನದೂ ಒಂದು ಸಹಿ. ಏನು ಹಚ್ಚಬಾರದು ಅಂತ ಅವರು ಹೇಳಿದರು, ಏನು ಹಚ್ಚಬೇಕು ಅಂತ ನಾನು ಹೇಳುತ್ತೇನೆ: ಸನ್‌ಸ್ಕ್ರೀನ್. ಬೇಸರದ ಉತ್ತರ, ಗೊತ್ತು.

ನಾನಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲೇ, ಬ್ರಿಸ್ಬೇನಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕೆ ನಾಂಬೋರ್ ಅಂತ ಒಂದು ಸಣ್ಣ ಊರು. 1990ರ ದಶಕದಲ್ಲಿ ಅಲ್ಲಿಯ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ದಿನಾ ತಪ್ಪದೆ ಸನ್‌ಸ್ಕ್ರೀನ್ ಹಚ್ಚಬೇಕು, ಇನ್ನೊಂದು ಗುಂಪು ತಮಗೆ ತೋಚಿದ ಹಾಗೆ. ಶುರುವಿನಲ್ಲಿ ಒಂದು ಸಲ, ನಾಲ್ಕೂವರೆ ವರ್ಷ ಆದಮೇಲೆ ಇನ್ನೊಂದು ಸಲ ಅಂಗೈ ಹಿಂಬದಿಯ ಚರ್ಮದ ಮೇಲೆ ಸಿಲಿಕೋನ್ ಒತ್ತಿ ಅಚ್ಚು ತೆಗೆದುಕೊಂಡು, ಯಾರು ಯಾವ ಗುಂಪು ಅಂತ ಗೊತ್ತಿಲ್ಲದವರ ಕೈಲಿ ಗೆರೆಗಳಿಗೆ ಅಂಕ ಹಾಕಿಸಿದರು. 55 ವರ್ಷದ ಒಳಗಿನ 903 ಜನರ ಲೆಕ್ಕ 2013ರಲ್ಲಿ ಪ್ರಕಟವಾಯಿತು. ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು 24 ಶೇಕಡಾ ಕಡಿಮೆ. ಕೊಟ್ಟಿದ್ದು ಭಾರೀ ಕ್ರೀಮೇನಲ್ಲ, ಎಸ್‌ಪಿಎಫ್ (ಚರ್ಮ ಸುಡುವ ಕಿರಣ ತಡೆಯುವ ಅಳತೆ) 15 ಅಷ್ಟೇ. ಅದೇ ಪ್ರಯೋಗದಲ್ಲಿ ಕೆಲವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆಯನ್ನೂ ಕೊಟ್ಟಿದ್ದರು. ಮಾತ್ರೆಯಿಂದ ಒಟ್ಟಾರೆ ಏನೂ ಫರಕಾಗಲಿಲ್ಲ. ಪ್ಯಾಕೇಜ್ ಮಾರುವವರಿಗೆ ಇದನ್ನು ಓದಿ ಹೇಳಿ.

ಒಂದು ಮಾತು ಒಪ್ಪಬೇಕು, ಅವರು ಬಿಳಿ ಚರ್ಮದವರು. ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಸುಕ್ಕು ತಡವಾಗಿ ಬರುತ್ತದೆ. ನಮಗೆ ವಯಸ್ಸು ಮೊದಲು ಕಾಣುವುದು ಬಣ್ಣದಲ್ಲಿ: ಬಂಗು, ಕಪ್ಪು ಕಲೆ, ಹಣೆ ಒಂದು ಬಣ್ಣ ಕೆನ್ನೆ ಒಂದು ಬಣ್ಣ. ಮುಟ್ಟಿನ ಹಾರ್ಮೋನು ಏರಿಳಿತಕ್ಕೂ ಬಂಗಿಗೂ ಸಂಬಂಧ ಇದೆ, ಆದರೆ ಅದನ್ನು ಗಾಢ ಮಾಡುವುದು ಬಿಸಿಲು. ಬಂಗಿಗೆ ನೇರಳಾತೀತ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕುಮ್ಮಕ್ಕು ಕೊಡುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಹಾಕಿದ, ಬಣ್ಣ ಇರುವ ಸನ್‌ಸ್ಕ್ರೀನ್. ಟಿಂಟೆಡ್ ಅಂತ ಕೇಳಿ ತಗೊಳ್ಳಿ. ನಮ್ಮ ಬಣ್ಣದ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುವುದೂ ತಪ್ಪುತ್ತದೆ.

ಎಸ್‌ಪಿಎಫ್ 30ಕ್ಕಿಂತ ಮೇಲೆ, ಪಿಎ (ಯುವಿಎ ಅನ್ನುವ ಆಳಕ್ಕಿಳಿಯುವ ಕಿರಣ ತಡೆಯುವ ಅಳತೆ) ಮುಂದೆ ಮೂರು ನಾಲ್ಕು ಪ್ಲಸ್ ಇರಲಿ. ಎಲ್ಲರೂ ಎಡವುವುದು ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ ಕುತ್ತಿಗೆಗೆ ಬೇಕು, ನಾವು ಹಚ್ಚುವುದು ಕುಂಕುಮದಷ್ಟು. ಸ್ಕೂಟಿಗೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕೈಗೆ ಉದ್ದ ಗ್ಲೌಸ್. ಪ್ರಾರ್ಥನೆಯನ್ನು ಹೆಡ್ಮಾಸ್ತರಿಗೆ ಹೇಳಿ ನೆರಳಿಗೆ ಸರಿಸಿ, ಮಕ್ಕಳಿಗೂ ಪುಣ್ಯ.

ಸ್ಟೀರಿಂಗ್‌ಮಾಮ:

ಇದು ನಿಜ ಸ್ವಾಮಿ. ನಾನು ಬಸ್ ಡ್ರೈವರ್ ಆಗಿ ರಿಟೈರ್ ಆದವನು. ಎರಡೂ ಕೈ ಪಕ್ಕ ಪಕ್ಕ ಇಟ್ಟರೆ ಮೊಮ್ಮಗಳು "ಅಜ್ಜ, ಇದು ಬೇರೆಯವರ ಕೈ" ಅಂತಾಳೆ. ಬಲಗೈ ಮೊಣಕೈ ತನಕ ಕಪ್ಪು, ಒರಟು, ಚುಕ್ಕೆ ಚುಕ್ಕೆ. ಎಡಗೈ ನೋಡಿದರೆ ಬ್ಯಾಂಕ್ ನೌಕರಿ ಮಾಡಿದ್ದೀನಿ ಅನ್ನಬೇಕು. ಮುಖದಲ್ಲೂ ಬಲಗೆನ್ನೆಯ ಸುಕ್ಕು ಜಾಸ್ತಿ. ಗಾಜು ಏರಿಸಿಕೊಂಡೇ ಓಡಿಸಿದ್ದು ಎಷ್ಟೋ ಸಲ, ಆದರೂ ಹೀಗಾಗಿದೆ, ಅದು ಹೇಗೆ?

ಬ್ರಿಸ್ಬೇನ್‌ಕನ್ನಡಿಗ:

ಮಾಮ, ಬಿಸಿಲಿನ ನೇರಳಾತೀತ ಕಿರಣದಲ್ಲಿ ಯುವಿಬಿ, ಯುವಿಎ ಅಂತ ಎರಡು ಬಗೆ. ಮಾಮೂಲಿ ಕಿಟಕಿ ಗಾಜು ಯುವಿಬಿ ತಡೆಯುತ್ತದೆ, ಅದು ಚರ್ಮ ಸುಡುವ ಕಿರಣ. ಯುವಿಎ ಬಹಳಷ್ಟು ಒಳಗೆ ಬರುತ್ತದೆ. ಅದು ಚರ್ಮದ ಆಳಕ್ಕೆ ಇಳಿದು ಕೊಲಾಜೆನ್ ಕೆಡಿಸುತ್ತದೆ, ಉರಿ ಇಲ್ಲದ್ದರಿಂದ ಗೊತ್ತೂ ಆಗುವುದಿಲ್ಲ. ಮುಂದಿನ ಗಾಜು ಪದರದ ಗಾಜು, ಅದು ಯುವಿಎಯನ್ನೂ ಬಹುಪಾಲು ತಡೆಯುತ್ತದೆ, ತೊಂದರೆ ಪಕ್ಕದ ಗಾಜಿನದು. ನಿಮ್ಮ ಥರದ್ದೇ ಒಬ್ಬ ಅಮೆರಿಕದ ಲಾರಿ ಡ್ರೈವರ್ ಫೋಟೋ 2012ರಲ್ಲಿ ಅಲ್ಲಿಯ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ವಯಸ್ಸು 69, ಲಾರಿ ಓಡಿಸಿದ್ದು 28 ವರ್ಷ. ಅಲ್ಲಿ ಸ್ಟೀರಿಂಗ್ ಎಡಕ್ಕಲ್ವಾ, ಮುಖದ ಎಡಭಾಗ ಪೂರ್ತಿ ಜೋತುಬಿದ್ದು ಸುಕ್ಕಾಗಿತ್ತು, ಬಲಭಾಗ ಅವನ ತಮ್ಮನ ಮುಖವೇನೋ ಅನ್ನಬೇಕು. ಒಂದೇ ಊಟ, ಒಂದೇ ನಿದ್ದೆ, ಒಂದೇ ವಂಶ, ಎರಡು ಕೆನ್ನೆ.

ಮಂಡಿಮದ್ದು:

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಎಲ್ಲರೂ ಮುಖದ ಬಗ್ಗೆಯೇ ಬರೆದಿರಿ. ಮೇಡಂ ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಂಗು ಅಲ್ಲ, "ಏಳುವಾಗ ಕೈ ಊರಲೇಬೇಕು" ಅನ್ನುವ ಸಾಲು. 46ಕ್ಕೆ ಅದು ಬೇಗ ಆಯಿತು.

ರಸ್ತೆಯಲ್ಲಿ ಹಿಂದಿನಿಂದ ಒಬ್ಬರನ್ನು ನೋಡಿದಾಗ, ಮುಖ ಕಾಣದಿದ್ದರೂ ವಯಸ್ಸು ಅಂದಾಜು ಮಾಡುತ್ತೀರಿ ಅಲ್ವಾ? ಏನು ನೋಡಿ? ಹೆಜ್ಜೆ ಎಷ್ಟು ಉದ್ದ ಹಾಕುತ್ತಾರೆ, ಭುಜ ಮುಂದಕ್ಕೆ ಬಾಗಿದೆಯಾ, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಾರಾ ಅಂತ. ಅದೆಲ್ಲ ಮಾಂಸಖಂಡದ ಕೆಲಸ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ 3ರಿಂದ 8 ಶೇಕಡಾ ಮಾಂಸಖಂಡ ಕರಗುತ್ತಾ ಹೋಗುತ್ತದೆ, 60 ಆದಮೇಲೆ ಇನ್ನೂ ಜೋರಾಗಿ. ಹೆಂಗಸರಿಗೆ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆ, ಚರ್ಮ, ಖಂಡ ಮೂರೂ ಒಟ್ಟಿಗೆ ಸಡಿಲವಾಗುತ್ತವೆ. ತೂಕ ಮಾತ್ರ ಅಷ್ಟೇ ಇರುತ್ತದೆ, ಆದ್ದರಿಂದ ತಿಳಿಯುವುದಿಲ್ಲ. ಖಂಡ ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರಿಗೇ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ, ನಿಮಗೆ ಅದಕ್ಕಿಂತ ಚೆನ್ನಾಗಿ ಬರಬೇಕು. ಎರಡನೆಯದು ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲುವುದು, ಪಕ್ಕದಲ್ಲಿ ಗೋಡೆ ಇರಲಿ. ಬ್ರೆಜಿಲಿನಲ್ಲಿ 51ರಿಂದ 75 ವಯಸ್ಸಿನ 1,702 ಜನರಿಗೆ ಇದನ್ನು ಮಾಡಿಸಿ ವರ್ಷಗಳ ಕಾಲ ಗಮನಿಸಿದರು, 2022ರಲ್ಲಿ ಬಂದ ವರದಿ. ನಿಲ್ಲಲಾಗದವರಲ್ಲಿ ಸಾವಿನ ಅಪಾಯ 84 ಶೇಕಡಾ ಜಾಸ್ತಿ ಇತ್ತು. ಒಂಟಿ ಕಾಲಲ್ಲಿ ನಿಂತರೆ ಆಯಸ್ಸು ಹೆಚ್ಚುತ್ತದೆ ಅಂತಲ್ಲ, ಮೈ ಒಳಗೆ ಏನು ನಡೆಯುತ್ತಿದೆ ಅನ್ನುವುದು ಅಲ್ಲಿ ತೋರುತ್ತದೆ.

ವಾಕಿಂಗ್ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹಾಗೆ ವಾರಕ್ಕೆ 150 ನಿಮಿಷ, ಬಿರುಸಾಗಿ. ಆದರೆ ಅದೇ ಸಂಸ್ಥೆ ವಾರಕ್ಕೆ ಎರಡು ದಿನ ಖಂಡಗಳಿಗೆ ಭಾರ ಕೊಡಿ ಅಂತಲೂ ಹೇಳುತ್ತದೆ, ಅದನ್ನು ನಮ್ಮವರು ಕೇಳಿಸಿಕೊಳ್ಳುವುದೇ ಇಲ್ಲ. ಪಾರ್ಕಿನಲ್ಲಿ ಮಾತಾಡುತ್ತಾ ಎರಡು ಸುತ್ತು ಹಾಕಿ, ಗೇಟಿನ ಹತ್ತಿರ ಕಾಫಿ ಕುಡಿದು ಬರುವುದಕ್ಕೆ ವ್ಯಾಯಾಮ ಅಂತ ಹೆಸರು. ಜಿಮ್ ಬೇಡ ಮೇಡಂ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಎರಡು ಕೈಯಲ್ಲೂ ಐದೈದು ಲೀಟರ್ ನೀರಿನ ಕ್ಯಾನ್ ಹಿಡಿದು ವರಾಂಡದಲ್ಲಿ ನಡೆಯುವುದು. ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಬೇಕು, ಸುಲಭ ಆದ ದಿನ ಭಾರ ಹೆಚ್ಚಿಸಬೇಕು. ಕುರ್ಚಿ ಸುಲಭ ಆದರೆ ಮಣೆ, ಮಣೆ ಆದಮೇಲೆ ನೆಲ. ಮಂಡಿ ಊದಿದ್ದರೆ ಅಥವಾ ಮೆಟ್ಟಿಲು ಇಳಿಯುವಾಗ ಚುಚ್ಚಿದ ಹಾಗೆ ನೋವಿದ್ದರೆ ಮೊದಲು ತೋರಿಸಿ.

ಆಮೇಲೆ ಊಟ. ನೀವು ಬರೆದ ತಟ್ಟೆಯನ್ನು ಲೆಕ್ಕ ಹಾಕಿದೆ. ಅವಲಕ್ಕಿ, ಅನ್ನ ತಿಳಿಸಾರು, ಎರಡು ರೊಟ್ಟಿ, ಜೊತೆಗೆ ಟೀಗೆ ಹಾಲು, ಸ್ವಲ್ಪ ಮೊಸರು ಇರುತ್ತದೆ ಅಂದುಕೊಂಡರೂ ಎಲ್ಲ ಸೇರಿ ಪ್ರೊಟೀನ್ 35ರಿಂದ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು, 62 ಕೆಜಿಗೆ 51 ಆಯಿತು. ಖಂಡ ಬೆಳೆಸಬೇಕು ಅಂದರೆ 60 ದಾಟಿದರೆ ಒಳ್ಳೆಯದು. ಪುಡಿ ಡಬ್ಬಿ ಬೇಕಿಲ್ಲ. ರೊಟ್ಟಿ ಜೊತೆ ಸೊಪ್ಪಿನ ಪಲ್ಯ ಒಂದೇ ಮಾಡದೆ ಹೆಸರುಕಾಳು, ಮಡಿಕೆಕಾಳು ಪಲ್ಯನೂ ಮಾಡಿ. ತಿಳಿಸಾರಿನ ಜಾಗಕ್ಕೆ ಗಟ್ಟಿ ತೊವ್ವೆ ಬರಲಿ. ಒಂದು ಹಿಡಿ ಹುರಿದ ಶೇಂಗಾ ಅಂದರೆ 7 ಗ್ರಾಂ. ಹುರುಳಿಕಾಳಿನಲ್ಲಿ 100ಕ್ಕೆ 22 ಗ್ರಾಂ ಇದೆ, ಸೋಯಾ ಚಂಕ್ಸಿನಲ್ಲಿ 50ರ ಮೇಲೆ. ರಾಗಿಯಲ್ಲಿ ಪ್ರೊಟೀನ್ ಜಾಸ್ತಿ ಇಲ್ಲ, ಆದರೆ 100 ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ, ಅಂಬಲಿ ರೂಢಿ ಮಾಡಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಇದನ್ನೆಲ್ಲ ಡಾಕ್ಟರನ್ನು ಕೇಳದೆ ಮಾಡಬೇಡಿ.

ಹಳೇಬೇರು:

ಏನ್ರೀ ಇದು, ಗ್ರಾಂ ಲೆಕ್ಕ, ಸೆಕೆಂಡ್ ಲೆಕ್ಕ. ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ ಬಾಳಿದರು. ಸಿದ್ಧಗಂಗಾ ಶ್ರೀಗಳು 111. ಅವರು ಯಾವ ಸನ್‌ಸ್ಕ್ರೀನ್ ಹಚ್ಚಿದ್ದರು? ಎಲ್ಲ ಹುಟ್ಟುತ್ತಾ ಬಂದಿರುತ್ತದೆ. ನಮ್ಮ ಅಜ್ಜಿ ಎಲೆ ಅಡಿಕೆ ಹಾಕಿಕೊಂಡೇ 90 ದಾಟಿದಳು.

ಮಂಡಿಮದ್ದು:

ವಂಶದ ಪಾಲು ಇದೆ ಸರ್, ಇಲ್ಲ ಅನ್ನಲ್ಲ. ಆದರೆ ಡೆನ್ಮಾರ್ಕಿನಲ್ಲಿ 70 ದಾಟಿದ 1,826 ಅವಳಿಗಳ ಫೋಟೋ ತೆಗೆದು, ನರ್ಸುಗಳಿಗೂ ಬೇರೆಯವರಿಗೂ ತೋರಿಸಿ ವಯಸ್ಸು ಊಹಿಸಿ ಅಂದರು. ಜೋಡಿಯಲ್ಲಿ ಜಾಸ್ತಿ ವಯಸ್ಸಾದ ಹಾಗೆ ಕಂಡವರೇ ಹೆಚ್ಚಾಗಿ ಮೊದಲು ತೀರಿಕೊಂಡರು. 2009ರಲ್ಲಿ ಬಂದದ್ದು. ಒಂದೇ ಹೊಟ್ಟೆಯಲ್ಲಿ ಒಂದೇ ದಿನ ಹುಟ್ಟಿದವರಲ್ಲೂ ಒಬ್ಬರು ಬೇಗ ಮುದುಕರಾಗುತ್ತಾರೆ ಅಂದರೆ ಉಳಿದದ್ದು ಬದುಕಿದ ರೀತಿ ತಾನೇ? ಇನ್ನು ಶ್ರೀಗಳ ಹೆಸರು ತಂದಿರಲ್ಲ, ಬೆಳಗಿನ ಜಾವಕ್ಕೇ ಏಳುವುದು, ಮಿತವಾದ ಊಟ, ಕೊನೆಯ ತನಕ ಕೆಲಸ. ಅದನ್ನು ಬಿಟ್ಟು ವಯಸ್ಸನ್ನು ಮಾತ್ರ ಎತ್ತಿಕೊಂಡರೆ ಹೇಗೆ?

ಮಾತ್ರೆಅಂಗಡಿ:

ಅಜ್ಜಿಯ ಅಡಿಕೆ ಬಗ್ಗೆ ನಾನು ಹೇಳುತ್ತೇನೆ. ಬರೀ ಅಡಿಕೆಯೂ, ತಂಬಾಕು ಇಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ 2004ರ ವರದಿಯಲ್ಲೇ ಬರೆದಿದೆ. ನಮ್ಮ ಕಡೆಯವರಿಗೆ ಕೇಳಲು ಕಷ್ಟದ ಮಾತು, ನಮ್ಮ ಮನೆಯಲ್ಲೂ ತೋಟ ಇದೆ. ಕೌಂಟರಿಗೆ ಬರುವ ಹುಡುಗರಲ್ಲಿ ಕೆಲವರಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಒಳಗೆಲ್ಲ ಗಟ್ಟಿ ಪಟ್ಟಿ ಕಟ್ಟಿರುತ್ತದೆ. ಕೆನ್ನೆ ಒಳಕ್ಕೆ ಹೋಗಿ ಮೂವತ್ತಕ್ಕೇ ಐವತ್ತರ ಮುಖ.

ಹಲ್ಲು ವಸಡನ್ನು ಯಾರೂ ಹೇಳಲಿಲ್ಲ ನೋಡಿ. ದವಡೆ ಹಲ್ಲು ಹೋದರೆ ಮುಖ ಕುಸಿಯುತ್ತದೆ, ಮೇಲಿನಿಂದ ಏನು ಹಚ್ಚಿದರೂ ಅಷ್ಟೇ. ರಾತ್ರಿ ಹಲ್ಲುಜ್ಜಿ ಮಲಗಿ.

ರಾತ್ರಿಪಾಳಿ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ 31, ಬೆಂಗಳೂರಿನಲ್ಲಿ ನೈಟ್ ಶಿಫ್ಟ್. ಕುತ್ತಿಗೆ ಹಿಂದೆ ಕಪ್ಪಗೆ, ಸ್ವಲ್ಪ ದಪ್ಪಗೆ ಆಗಿದೆ. ಕೊಳೆ ಅಂದುಕೊಂಡು ಅಮ್ಮ ನಾರಿನಲ್ಲಿ ಉಜ್ಜಿ ಉಜ್ಜಿ ಸಾಕಾದರು. ನಿಂಬೆಹಣ್ಣೂ ಆಯಿತು.

ಮಾತ್ರೆಅಂಗಡಿ:

ತಮ್ಮಾ, ಅಮ್ಮನಿಗೆ ಉಜ್ಜುವುದು ಸಾಕು ಅನ್ನು. ಅದು ಕೊಳೆ ಅಲ್ಲ. ಕುತ್ತಿಗೆ, ಕಂಕುಳು ಮಖಮಲ್ಲಿನ ಥರ ಕಪ್ಪಾಗುವುದು ಬಹಳ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು, ಸಕ್ಕರೆ ಕಾಯಿಲೆಗೆ ಮೊದಲೇ ಬರುವ ಸುಳಿವು. ಖಾಲಿ ಹೊಟ್ಟೆ ಶುಗರ್, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾಡಿಸು, ಸೊಂಟದ ಅಳತೆ ನೋಡು. ತೂಕ ಇಳಿದರೆ ಅದೂ ತಿಳಿಯಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತದೆ, ಮುಖಕ್ಕೂ ಬೇಡ.

ಮಲ್ಲಿಗೆಮೊಗ್ಗು:

ಎಲ್ಲರಿಗೂ ಧನ್ಯವಾದ. ಡಬ್ಬಿ ಹಿಂದೆ ನೋಡಿದೆ, ಹಸಿರು ಚುಕ್ಕೆ ಇಲ್ಲ, ಸಣ್ಣ ಅಕ್ಷರದಲ್ಲಿ ಮೀನು ಅಂತ ಇದೆ. ಮಾರುವವರಿಗೆ ಫೋನು ಮಾಡಿ ಕೇಳಿದರೆ "ಅದು ಮೀನಲ್ಲ ಮೇಡಂ, ಮೆರೈನ್" ಅಂದರು.

ಕುರ್ಚಿ ಪರೀಕ್ಷೆ ಹನ್ನೊಂದು ಬಂತು, ಅತ್ತೆಯವರಿಗೆ ಒಂಬತ್ತು. ಅವರಿಗೆ 73, ನನಗಿಂತ ಅವರ ಉತ್ಸಾಹವೇ ಜಾಸ್ತಿ, ಈಗ ಟಿವಿ ಜಾಹೀರಾತು ಬಂದಾಗಲೆಲ್ಲ ಎದ್ದು ಕೂರುತ್ತಿದ್ದಾರೆ. ನಿದ್ದೆ ವಿಷಯ ಯಾರೂ ಬೈಯಲಿಲ್ಲವಲ್ಲ, ಬಚಾವಾದೆ ಅಂದುಕೊಂಡಿದ್ದೆ.

ಮಂಡಿಮದ್ದು:

ಬಚಾವಿಲ್ಲ ಮೇಡಂ. ಐದು ಗಂಟೆ ನಿದ್ದೆಯಲ್ಲಿ ಖಂಡ ಸರಿಯಾಗಿ ಬೆಳೆಯಲ್ಲ. ಏಳು ಗಂಟೆ ಬೇಕು, ಅಂದರೆ ಹತ್ತಕ್ಕೆ ದೀಪ ಆರಬೇಕು. ಪೇಪರ್ ತಿದ್ದುವುದು ಬಿಡಲಾಗುವುದಿಲ್ಲ, ಫೋನು ಬಿಡಬಹುದು. ಚಾರ್ಜರನ್ನು ಅಡುಗೆಮನೆಗೆ ಹಾಕಿ. ಸಂಜೆ ನಾಲ್ಕರ ಮೇಲೆ ಟೀ ಬೇಡ. ಅತ್ತೆಯವರಿಗೆ ಹೇಳಿ, 70ರಿಂದ 74ಕ್ಕೆ ಹತ್ತಾದರೂ ಬರಬೇಕು, ಇನ್ನೊಂದೇ ಬಾಕಿ. ಅವರ ಕುರ್ಚಿಯೂ ಗೋಡೆಗೆ ಒತ್ತಿಯೇ ಇರಲಿ.

ಸ್ಟೀರಿಂಗ್‌ಮಾಮ:

ನನ್ನಂಥವನು ಈ ವಯಸ್ಸಲ್ಲಿ ಸನ್‌ಸ್ಕ್ರೀನ್ ಹಚ್ಚಿದರೆ ಏನಾದರೂ ಉಪಯೋಗ ಇದೆಯಾ? ಮನೆಯವಳು ನಗುತ್ತಾಳೆ.

ಬ್ರಿಸ್ಬೇನ್‌ಕನ್ನಡಿಗ:

ಇದೆ ಮಾಮ. ಹಳೆಯದು ಪೂರ್ತಿ ಹೋಗಲ್ಲ, ಆದರೆ ಹೊಸ ಪೆಟ್ಟು ನಿಲ್ಲುತ್ತದೆ. ಸ್ನಾನ ಆದಕೂಡಲೇ ಕೈಕಾಲಿಗೆ ಕೊಬ್ಬರಿ ಎಣ್ಣೆನೋ ವ್ಯಾಸಲೀನೋ ಹಚ್ಚಿ, ಒರಟು ಕಡಿಮೆಯಾಗುತ್ತದೆ. ಆ ಬಲಗೈ ಮೇಲೆ ಯಾವುದಾದರೂ ಹುಣ್ಣು ವಾರಗಟ್ಟಲೆ ಮಾಯದೆ ಇದ್ದರೆ, ಅಥವಾ ಒಂದು ಚುಕ್ಕೆ ಮಾತ್ರ ದೊಡ್ಡದಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮಲ್ಲಿಗೆಮೊಗ್ಗು:

ಕೊನೆಯದಾಗಿ ಒಂದೇ ಒಂದು. ತಲೆಗೆ ಡೈ ಹಾಕಿದಾಗಲೆಲ್ಲ ಹಣೆಯಂಚು ತುರಿಸುತ್ತದೆ. ಪಾರ್ಲರಿನವರು "ಕಪ್ಪು ಮೆಹಂದಿ ಹಾಕಿ, ನ್ಯಾಚುರಲ್" ಅಂತಾರೆ. ಹಾಕಲಾ?

ಮಾತ್ರೆಅಂಗಡಿ:

ಬೇಡ ಅಕ್ಕ. ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣ. ಕಪ್ಪು ಮೆಹಂದಿ ಅಂತ ಬರುವ ಪುಡಿಯಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸಿರುತ್ತಾರೆ, ಡೈಯಲ್ಲಿ ತುರಿಕೆ ತರುವುದೂ ಹೆಚ್ಚಾಗಿ ಅದೇ. ನಿಮಗೆ ಈಗಾಗಲೇ ತುರಿಕೆ ಇದೆ ಅಂದರೆ ಇನ್ನೊಂದು ಸಲ ಮುಖವೇ ಊದಿಕೊಳ್ಳಬಹುದು. ಡೈ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆಮೇಲೆ ಬೇಕಿದ್ದರೆ ಪಿಪಿಡಿ ಇಲ್ಲದ್ದನ್ನೇ ತಂದು, ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು, ಏನೂ ಆಗದಿದ್ದರೆ ಮಾತ್ರ ತಲೆಗೆ ಹಾಕಿ.